ಬಳಗಾನೂರಿನ ಬೆಂಚು

ನಮ್ಮ ಓಣಿಯ ಹೆಂಗಸರು ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರೆ. ಮೊನ್ನೆ ಅದರ ಯಜಮಾನಿಕೆ ವಹಿಸಿಕೊಂಡವಳು ಒಂದು ಹುಕುಂ ಹೊರಡಿಸಿದಳು. ಇನ್ನು ಮುಂದೆ ಅಡುಗೆಯ ಮಾತಿಗೆ ಬೇರೆ ಗುಂಪು, ಹಬ್ಬ ಹುಣ್ಣಿಮೆಗೆ ಬೇರೆ, ನಲ್ಲಿ ನೀರಿನ ತಕರಾರಿಗೆ ಬೇರೆ. ಒಂದರ ಮಾತು ಇನ್ನೊಂದರಲ್ಲಿ ಹಾಕಕೂಡದು. ಎಲ್ಲರೂ ಹೆಬ್ಬೆರಳಿನ ಚಿತ್ರ ಒತ್ತಿ ಒಪ್ಪಿಗೆ ಕೊಟ್ಟರು. ನಾನೊಬ್ಬಳು ಮೊಬೈಲು ಬದಿಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಂಬತ್ತರ ದಶಕ ಮುಗಿಯುತ್ತಿದ್ದಾಗ, ಮೊಬೈಲು ಎಂಬ ಶಬ್ದವೇ ಮಸ್ಕಿಗೆ ಬಂದಿರದ ಕಾಲದಲ್ಲಿ, ನಮ್ಮ ಮನೆಯವರು ಇದೇ ಕೆಲಸ ಮಾಡಿ ನೋಡಿದ್ದರು. ಅವರ ಹತ್ತಿರ ಗುಂಪುಗಳಿರಲಿಲ್ಲ, ಬೆಂಚುಗಳಿದ್ದವು.

ಮಸ್ಕಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ನಮ್ಮ ಚಹಾದ ಹೋಟೆಲು. ಹೋಟೆಲು ಎಂದರೆ ತಗಡಿನ ಚಪ್ಪರ, ಮಣ್ಣಿನ ನೆಲ, ಮುಂದೆ ಒಲೆ, ಹಿಂದೆ ಅಡುಗೆಕೋಣೆ. ಮಿರ್ಚಿ ಕರಿಯುವುದು, ಮಂಡಾಳಿಗೆ, ಅಂದರೆ ಚುರುಮುರಿಗೆ, ಒಗ್ಗರಣೆ ಹಾಕುವುದು ನನ್ನ ಪಾಲು. ಚಹಾ ಸೋಸುವುದು, ಗಿರಾಕಿಗಳನ್ನು ಮಾತಾಡಿಸುವುದು ಮನೆಯವರ ಪಾಲು. ನಡುವಿನ ಗೋಡೆಯಲ್ಲಿ ಪ್ಲೇಟು ದಾಟಿಸಲು ಒಂದು ಕಿಂಡಿ ಇತ್ತು. ಇಡೀ ತಾಲೂಕಿನ ಸುದ್ದಿ ಆ ಕಿಂಡಿಯಿಂದ ನನ್ನ ಬಾಣಲೆಯ ಮುಂದೆ ಬಂದು ಬೀಳುತ್ತಿತ್ತು.

ಹೋಟೆಲಿನಲ್ಲಿ ನಾಲ್ಕು ಬೆಂಚು. ಯಾರೂ ಹೇಳಿಕೊಡದಿದ್ದರೂ ಯಾವ ಬೆಂಚು ಯಾರದು ಎಂದು ಎಲ್ಲರಿಗೂ ಗೊತ್ತು. ಎಡಕ್ಕಿದ್ದದ್ದು ಸಿಂಧನೂರಿನ ಬಸ್ಸಿಗೆ ಕಾಯುವವರದು. ಅಲ್ಲಿ ರೈಸ್‌ಮಿಲ್ಲು, ನೆಲ್ಲಿನ ಧಾರಣೆ, ಅರ್ಧ ಕನ್ನಡ ಅರ್ಧ ತೆಲುಗು. ಬಲಕ್ಕಿದ್ದದ್ದು ಲಿಂಗಸುಗೂರಿನ ಬಸ್ಸಿನವರದು. ಅವರ ಕಂಕುಳಲ್ಲಿ ಯಾವಾಗಲೂ ಕಾಗದಪತ್ರದ ಚೀಲ. ಕಚೇರಿಯ ಸಾಹೇಬರು ಇದ್ದಾರೋ ರಜೆಯೋ ಎಂಬುದೇ ಚಿಂತೆ. ಬಾಗಿಲ ಹತ್ತಿರದ್ದು ಬಳಗಾನೂರಿನ ಬೆಂಚು. ಬಳಗಾನೂರಿನ ಬಸ್ಸು ಮೂಲೆಯ ಬೇವಿನ ಮರದ ಹಿಂದೆ ಬಂದು ನಿಲ್ಲುತ್ತಿತ್ತು, ಬಾಗಿಲಲ್ಲಿ ಕುಳಿತವರಿಗೆ ಮಾತ್ರ ಕಾಣಿಸುತ್ತಿತ್ತು. ಮೊದಲು ಕಂಡವನು "ಬಂತ್ರೋ" ಎಂದರೆ ಇಡೀ ಬೆಂಚು ಎದ್ದು ಓಡುವುದು. ನಾಲ್ಕನೆಯದು ಎಲ್ಲಿಗೂ ಹೋಗದವರ ಬೆಂಚು. ಅದರ ಮೇಲೆ ಊರಿನವರೇ ಆದ ಒಬ್ಬ ನಿವೃತ್ತ ಮೇಷ್ಟ್ರು ಬೆಳಿಗ್ಗೆ ಬಂದು ಕುಳಿತರೆ ಮಧ್ಯಾಹ್ನದ ಊಟಕ್ಕೇ ಏಳುತ್ತಿದ್ದರು. ಒಂದೇ ಚಹಾ ಕುಡಿಯುತ್ತಿದ್ದರು, ಅದೂ ಅರ್ಧ.

ಈ ಬಳಗಾನೂರಿನ ಬೆಂಚಿನ ಮೇಲೆ ನನ್ನ ಜೀವ ಇತ್ತು. ಬಳಗಾನೂರು ನನ್ನ ತವರು. ಅಲ್ಲಿ ನನಗೆ ಇಬ್ಬರು ಅಣ್ಣಂದಿರು. ಅಪ್ಪ ಅವ್ವ ತೀರಿಕೊಂಡ ಮೇಲೆ ಹೊಲ ಪಾಲಾಯಿತು. ಕಾಲುವೆಯ ತೂಬಿನ ಪಕ್ಕದ್ದು ದೊಡ್ಡಣ್ಣನಿಗೆ, ಅದರ ಕೆಳಗಿನದು ಸಣ್ಣಣ್ಣನಿಗೆ. ಮೇಲಿನವನ ಗದ್ದೆ ತುಂಬಿದ ಮೇಲೆ ಕೆಳಗಿನವನಿಗೆ ನೀರು. ಎಷ್ಟು ತುಂಬಿದರೆ ತುಂಬಿದಂತೆ ಎಂಬ ಪ್ರಶ್ನೆಗೆ ಇಬ್ಬರ ಲೆಕ್ಕ ಬೇರೆ ಬೇರೆಯಾಗಿ, ಒಂದು ವರ್ಷ ನೆಲ್ಲು ಹಚ್ಚುವ ಹೊತ್ತಿನಲ್ಲಿ ಗುದ್ದಲಿ ಹಿಡಿದುಕೊಂಡೇ ಜಗಳವಾಡಿದರು. ಅಂದಿನಿಂದ ಮಾತು ಬಿಟ್ಟರು. ಅಪ್ಪ ಕಟ್ಟಿದ ಮನೆಯ ಅಂಗಳದ ನಡುವೆ ಗೋಡೆ ಎದ್ದಿತು. ಅಂಗಳದಲ್ಲಿ ಒಂದು ಬೇವಿನ ಮರ ಇತ್ತು, ಅದರ ಬೊಡ್ಡೆ ದೊಡ್ಡಣ್ಣನ ಕಡೆ ಉಳಿಯಿತು. ನಾನು ಸಣ್ಣವಳಿದ್ದಾಗ ಪಂಚಮಿಯ ಜೋಕಾಲಿ ಕಟ್ಟುತ್ತಿದ್ದ ಟೊಂಗೆ ಗೋಡೆ ದಾಟಿ ಸಣ್ಣಣ್ಣನ ಕಡೆ ಹೋಯಿತು.

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ನಾಗರ ಪಂಚಮಿ ಎಂದರೆ ತವರಿನ ಹಬ್ಬ. ಅಣ್ಣನೋ ತಮ್ಮನೋ ಕರೆಯಲು ಬರಬೇಕು, ಅವನ ಹಿಂದೆ ಹೊರಡಬೇಕು. ನನ್ನನ್ನು ಕರೆಯಲು ಇಬ್ಬರೂ ಬರುತ್ತಿದ್ದರು, ಬೇರೆ ಬೇರೆ ದಿನ. "ನಮ್ಮನಿಗೆ ಬಾ" ಎಂದು ಅವನು, "ನಮ್ಮನಿಗೆ ಬಾ" ಎಂದು ಇವನು. ನಾನು ಮೊದಲು ಯಾರ ಹೊಸ್ತಿಲು ತುಳಿದರೂ ಇನ್ನೊಬ್ಬ ತನ್ನ ಬಾಗಿಲು ಹಾಕಿಕೊಳ್ಳುತ್ತಾನೆ ಎಂದು ನನಗೆ ಗೊತ್ತಿತ್ತು. ಹೀಗಾಗಿ ಇಬ್ಬರಿಗೂ ಹೋಟೆಲಿನ ನೆಪ ಹೇಳಿ ಮಸ್ಕಿಯಲ್ಲೇ ಉಳಿಯುತ್ತಿದ್ದೆ. ಓಣಿಯ ಹೆಣ್ಣುಮಕ್ಕಳು ಹೊಸ ಸೀರೆ ಉಟ್ಟು ಬಸ್ಸು ಹತ್ತುವುದನ್ನು ಕಿಂಡಿಯಲ್ಲಿ ನೋಡುತ್ತಾ ಮಿರ್ಚಿ ಕರಿಯುತ್ತಿದ್ದೆ. ಕಣ್ಣಲ್ಲಿ ನೀರು ಬಂದರೆ ಮೆಣಸಿನಕಾಯಿಯ ಘಾಟು ಎನ್ನುತ್ತಿದ್ದೆ. ನನಗೆ ತವರು ಬೇಕಾಗಿತ್ತು, ಅರ್ಧ ತವರು ಬೇಡವಾಗಿತ್ತು.

ಮಾತು ಬಿಟ್ಟ ಇಬ್ಬರೂ ಮಸ್ಕಿಯ ಸಂತೆಯ ದಿನ ಮಾತ್ರ ಒಂದು ಕಡೆ ಕೂಡುತ್ತಿದ್ದರು. ಇಬ್ಬರಿಗೂ ಹೋಗಬೇಕಾದ ಬಸ್ಸು ಒಂದೇ, ಬಸ್ಸು ಕಾಣಿಸುವ ಬೆಂಚೂ ಒಂದೇ. ದೊಡ್ಡಣ್ಣ ಬೆಂಚಿನ ಈ ತುದಿ, ಸಣ್ಣಣ್ಣ ಆ ತುದಿ, ನಡುವೆ ಊರಿನ ನಾಲ್ಕಾರು ಜನ. ಮಾತೆಲ್ಲ ನಡುವಿನವರ ಜೊತೆ. ಆದರೆ ಅದು ಯಾರಿಗೆ ಹೇಳಿದ್ದು ಎಂದು ನಡುವಿನವರಿಗೂ ಗೊತ್ತು, ಕಿಂಡಿಯ ಹಿಂದಿದ್ದ ನನಗೂ ಗೊತ್ತು.

"ಯಾರೋ ಒಬ್ರು ತೂಬಿನ ಬಾಯಿಗೆ ಕಲ್ಲು ಇಟ್ಟು ಮಲಗ್ಯಾರ್ರಿ," ಎಂದು ಸಣ್ಣಣ್ಣ ತನ್ನ ಪಕ್ಕದವನಿಗೆ ಹೇಳುವುದು.

"ಯಾರೋ ಒಬ್ರಿಗೆ ಕಣ್ಣು ಬರೋಬರ್ ಕಾಣಂಗಿಲ್ಲ ನೋಡ್ರಿ. ಕಲ್ಲು ಮುಂಜಾನಿಗೇ ತೆಗೆದಾರ," ಎಂದು ದೊಡ್ಡಣ್ಣ ತನ್ನ ಪಕ್ಕದವನಿಗೆ ಹೇಳುವುದು.

ಸ್ವಲ್ಪ ಹೊತ್ತು ಬಿಟ್ಟು, ಚಹಾ ಊದುತ್ತಾ, ದೊಡ್ಡಣ್ಣನೇ, "ಯಾರೋ ಒಬ್ರ ಹೆಂಡತಿಗೆ ಚಳಿಜ್ವರ ಅಂತಿದ್ರು, ಹೆಂಗದಾಳಂತ?" ಎನ್ನುವನು. ಸಣ್ಣಣ್ಣ ಬಾಗಿಲ ಕಡೆ ನೋಡುತ್ತಾ, "ಗುಳಿಗಿ ತಗೊಂಡಾಳ, ಈಗ ಬೇಷ್ ಅದಾಳಂತ್ರಿ," ಎನ್ನುವನು. ಇಷ್ಟು ಕೇಳಿಸಿಕೊಂಡರೆ ನನಗೆ ಮುಂದಿನ ಸಂತೆಯವರೆಗೆ ಸಾಕಾಗುತ್ತಿತ್ತು. ಬೈದುಕೊಳ್ಳುತ್ತಿದ್ದಾರೆ ಎಂದರೆ ಇನ್ನೂ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಸಮಾಧಾನ ಮಾಡಿಕೊಂಡು ಆ ದಿನ ಮಿರ್ಚಿಗೆ ಎಣ್ಣೆ ಧಾರಾಳವಾಗಿ ಹಾಕುತ್ತಿದ್ದೆ.

ಇನ್ನು ನಮ್ಮ ಮನೆಯವರ ವಿಷಯ. ಅವರಿಗೆ ಶಿಸ್ತಿನ ಹುಚ್ಚು. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಮೂತಿ ಒಂದೇ ಕಡೆಗಿರಬೇಕು. ಸಕ್ಕರೆ ಡಬ್ಬಿಯ ಮುಚ್ಚಳ ಚಹಾಪುಡಿ ಡಬ್ಬಿಗೆ ಹಾಕಿದರೆ ಇಡೀ ದಿನ ಮುಖ ಗಂಟಿಕ್ಕಿಕೊಳ್ಳುವರು. ಅಂಥವರಿಗೆ ಹೋಟೆಲಿನ ಮಾತುಕತೆ ದೊಡ್ಡ ಹಿಂಸೆಯಾಗಿತ್ತು. ಒಂದೇ ಬೆಂಚಿನ ಮೇಲೆ ಎತ್ತಿನ ಹಲ್ಲಿನಿಂದ ಹಿಡಿದು ದಿಲ್ಲಿಯ ಗಾದಿಯವರೆಗೆ ಎಲ್ಲವೂ ಕಲಸಿಹೋಗಿರುತ್ತಿತ್ತು. ಒಮ್ಮೆ ಲಿಂಗಸುಗೂರಿನ ಬೆಂಚಿನ ಮೇಲೆ ಗಂಡಿನವರೂ ಹೆಣ್ಣಿನವರೂ ಮದುವೆಯ ಮಾತಿಗೆ ಕುಳಿತಿದ್ದಾಗ ಪಕ್ಕದಲ್ಲಿ ಚುನಾವಣೆಯ ಮಾತು ಶುರುವಾಯಿತು. ಬೀಗರಾಗಬೇಕಿದ್ದವರು ಅದರಲ್ಲಿ ಬಾಯಿ ಹಾಕಿ, ಬೇರೆ ಬೇರೆ ಪಾರ್ಟಿಯವರು ಎಂದು ಗೊತ್ತಾಗಿ, ಸಂಬಂಧ ಮುರಿದುಕೊಂಡು ಎದ್ದರು. ಕುಡಿದ ಚಹಾದ ದುಡ್ಡು ಯಾರು ಕೊಡಬೇಕು ಎಂಬುದರ ಮೇಲೆ ಮತ್ತೊಂದು ಜಗಳ. ಅಂದು ರಾತ್ರಿ ನಮ್ಮ ಮನೆಯವರು ಸರಿಯಾಗಿ ಊಟ ಮಾಡಲಿಲ್ಲ.

ಬೇರೆ ಹೋಟೆಲಿನವರು ಇಂಥದ್ದಕ್ಕೆ ಗೋಡೆಗೆ "ರಾಜಕೀಯ ಮಾತಾಡಬಾರದು" ಎಂದು ಬರೆಸಿ ಕೈ ತೊಳೆದುಕೊಳ್ಳುತ್ತಾರೆ. ನಮ್ಮವರಿಗೆ ಅಷ್ಟರಲ್ಲಿ ತೃಪ್ತಿಯಾಗುತ್ತದೆಯೇ? ಆ ವಾರ ಹೋಟೆಲಿನ ಪರವಾನಗಿಯ ಕೆಲಸಕ್ಕೆ ಲಿಂಗಸುಗೂರಿಗೆ ಹೋಗಿದ್ದರು. ಅಲ್ಲೊಂದು ಕಚೇರಿಯಲ್ಲಿ ಕಿಟಕಿಗೊಂದು ಬೋರ್ಡು: ಈ ಕೆಲಸಕ್ಕೆ ಈ ಕಿಟಕಿ, ಆ ಕೆಲಸಕ್ಕೆ ಆ ಕಿಟಕಿ. ಇವರು ಬೆಳಗಿನಿಂದ ಸಂಜೆಯವರೆಗೆ ಕಿಟಕಿಯಿಂದ ಕಿಟಕಿಗೆ ಅಲೆದು, ಕೆಲಸವಾಗದೆ, ಬರಿಗೈಯಲ್ಲಿ ಬಂದರು. ಆದರೆ ಮುಖ ಮಾತ್ರ ಬೆಳಗುತ್ತಿತ್ತು.

"ಏನ್ ಇಂತಿಜಾಮ ಐತಿ ಮಾರಾಯ್ತಿ ಅಲ್ಲಿ," ಎಂದರು. "ಒಂದು ಕಿಟಕಿ ಮಾತು ಇನ್ನೊಂದು ಕಿಟಕಿಗೆ ಹೋಗಂಗಿಲ್ಲ."

"ನಿಮ್ ಕೆಲಸ ಆತೇನ್ರಿ?" ಎಂದೆ.

"ಕೆಲಸದ ಮಾತು ಬಿಡು. ಬಂದೋಬಸ್ತ್ ನೋಡ್ಬೇಕಿತ್ತು ನೀನು."

ಮರುದಿನವೇ ಪೇಂಟರನನ್ನು ಕರೆಸಿದರು. ನೀಲಿ ತಗಡಿನ ಮೇಲೆ ಬಿಳಿ ಅಕ್ಷರ. ಸಿಂಧನೂರಿನ ಬೆಂಚಿನ ನೆತ್ತಿಯ ಮೇಲೆ "ಮಳೆ ಬೆಳೆ", ಲಿಂಗಸುಗೂರಿನ ಬೆಂಚಿಗೆ "ರಾಜಕೀಯ", ಬಾಗಿಲ ಹತ್ತಿರದ ನಮ್ಮ ಬಳಗಾನೂರಿನ ಬೆಂಚಿಗೆ "ಕೋರ್ಟು ಕಚೇರಿ", ಮೇಷ್ಟ್ರ ಬೆಂಚಿಗೆ "ಶುಭಕಾರ್ಯ". ಮೇಷ್ಟ್ರು ತಲೆಯೆತ್ತಿ ಬೋರ್ಡು ಓದಿದರು. ಅವರು ಮದುವೆಯಾದವರಲ್ಲ.

"ನಾ ಎಲ್ಲಿ ಕುಂದರ್ಲಿ?" ಎಂದರು.

"ಏನ್ ಮಾತಾಡ್ತೀರಿ ಅದರ ಮ್ಯಾಲ ಐತ್ರಿ," ಎಂದರು ನಮ್ಮವರು.

"ನಾ ಮಾತಾಡಂಗಿಲ್ಲ, ಕೇಳಾಕ ಬರ್ತೀನಿ," ಎಂದರು ಮೇಷ್ಟ್ರು. ಇದಕ್ಕೆ ಬೋರ್ಡು ಇರಲಿಲ್ಲ. ನಮ್ಮವರು ಒಂದು ಹಗಲು ಯೋಚನೆ ಮಾಡಿ, ಮೂಲೆಯಲ್ಲಿದ್ದ ಹಳೆಯ ಹಲಗೆಗೆ ಇಟ್ಟಿಗೆ ಕೊಟ್ಟು ಐದನೆಯ ಬೆಂಚು ಮಾಡಿ, ಅದಕ್ಕೆ "ಇತರೆ" ಎಂದು ಬರೆಸಿದರು.

ಮೊದಮೊದಲು ಜನಕ್ಕೆ ತಮಾಷೆ ಎನಿಸಿತು. ಹೊಸ ಬೋರ್ಡು ಓದಲಿಕ್ಕೇ ಕೆಲವರು ಬಂದು ಚಹಾ ಕುಡಿದರು. ನಮ್ಮವರು ಸೋಸುವ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು, ಕಿವಿ ನೆಟ್ಟಗೆ ಮಾಡಿಕೊಂಡು, ಬೆಂಚುಗಳ ನಡುವೆ ಓಡಾಡತೊಡಗಿದರು. ಯಾವ ಬೆಂಚಿನಲ್ಲಿ ಮಾತು ಗಡಿ ದಾಟಿದರೂ ಅಲ್ಲಿ ಹಾಜರು. ಒಬ್ಬ ಪಾಪದ ಮನುಷ್ಯ ಬಂದು ಮಗನಿಗೆ ಕನ್ಯೆ ನೋಡಲು ಹೋದ ಸುದ್ದಿ ಎತ್ತಿದ. ಅವನನ್ನು ಶುಭಕಾರ್ಯಕ್ಕೆ ಕೂಡಿಸಿದರು. ದಾರಿಯಲ್ಲಿ ಮಳೆ ಸಿಕ್ಕಿ ಗದ್ದೆಯ ಬದು ಒಡೆದದ್ದನ್ನು ಹೇಳಿದ. ಎಬ್ಬಿಸಿ ಮಳೆ ಬೆಳೆಗೆ ಕಳಿಸಿದರು. ಬದುವಿನ ಸಲುವಾಗಿ ಪಕ್ಕದ ಹೊಲದವನು ಅರ್ಜಿ ಕೊಟ್ಟಿದ್ದಾನೆ ಎಂದ. ಗ್ಲಾಸು ಹಿಡಿದುಕೊಂಡು ಕೋರ್ಟು ಕಚೇರಿಗೆ ಬಂದ. ಪಕ್ಕದ ಹೊಲದವನ ಬೆನ್ನಿಗೆ ಇಂಥ ಪಾರ್ಟಿಯವರಿದ್ದಾರೆ ಎನ್ನುವಷ್ಟರಲ್ಲಿ ನಮ್ಮವರು ಕೆಮ್ಮಿದರು. ಅವನು ಉಳಿದ ಚಹಾವನ್ನು ನಿಂತೇ ಕುಡಿದು, ಕನ್ಯೆ ಒಪ್ಪಿಗೆಯಾದಳೋ ಇಲ್ಲವೋ ಹೇಳದೆ ಹೊರಟುಹೋದ. ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಬರಬರುತ್ತಾ ಜನ ಜಾಣರಾದರು. ಮಾತು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಬಾಯಿ ತೆರೆಯುವ ಮುಂಚೆ ಯಾರಿಗೆ ಗೊತ್ತಿರುತ್ತದೆ? ಎಲ್ಲರೂ ಬಂದು "ಇತರೆ"ಯ ಮೇಲೆ ಕುಳಿತುಕೊಳ್ಳತೊಡಗಿದರು. ನಾಲ್ಕು ಒಳ್ಳೆಯ ಬೆಂಚು ಖಾಲಿ, ಇಟ್ಟಿಗೆಯ ಮೇಲಿನ ಹಲಗೆ ಭರ್ತಿ. ಒಂದು ಸಂಜೆ ಹಲಗೆ ನಡುವೆ ಲಟಕ್ಕೆಂದು ಮುರಿದು, ಹದಿನಾಲ್ಕು ಮಾತುಗಳು ಒಟ್ಟಿಗೆ ನೆಲಕ್ಕೆ ಬಿದ್ದವು. ಮೇಷ್ಟ್ರು ಎದ್ದು ಧೋತರ ಕೊಡವಿಕೊಂಡು, ಇದು ಯಾವ ಬೆಂಚಿನ ವಿಷಯ ಎಂದು ನಮ್ಮವರನ್ನು ಕೇಳಿದರು. ನಾನು ಕಿಂಡಿಯಿಂದ ಮುಖ ತೆಗೆದು ಸೆರಗು ಬಾಯಿಗಿಟ್ಟುಕೊಂಡೆ.

ನಗುತ್ತಿದ್ದೆ ನಿಜ, ಆದರೆ ಒಳಗೆ ಕುದಿಯುತ್ತಿದ್ದೆ. ಬೋರ್ಡು ಬಂದ ಮೊದಲ ಸಂತೆಗೇ ನಮ್ಮವರು ನನ್ನ ಅಣ್ಣಂದಿರನ್ನೂ ವಿಂಗಡಿಸಿದ್ದರು. ದೊಡ್ಡಣ್ಣ ತೂಬಿನ ಅಳತೆ ಮಾಡಿಸಲು ಲಿಂಗಸುಗೂರಿಗೆ ಅರ್ಜಿ ಕೊಟ್ಟಿದ್ದ, ಅವನದು ಕೋರ್ಟು ಕಚೇರಿ. ಸಣ್ಣಣ್ಣ ಬಂದವನೇ ಸಸಿ ಮಡಿಯ ಮಾತು ತೆಗೆದ, ಅವನದು ಮಳೆ ಬೆಳೆ. ಒಬ್ಬ ಬಾಗಿಲಲ್ಲಿ, ಒಬ್ಬ ಎಡಗೋಡೆಗೆ. ನಡುವೆ ಇರುತ್ತಿದ್ದ ಊರಿನ ಜನ ಎಲ್ಲೆಲ್ಲೋ ಚದುರಿಹೋಗಿದ್ದರು. "ಯಾರೋ ಒಬ್ರು" ಎಂಬ ಮಾತು ನನ್ನ ಕಿಂಡಿಗೆ ಬರಲೇ ಇಲ್ಲ. ಬಸ್ಸು ಬಂತು ಎಂದು ಕೂಗುವವರೂ ಇರಲಿಲ್ಲ. ಬಾಗಿಲಲ್ಲಿದ್ದ ದೊಡ್ಡಣ್ಣ ಸುಮ್ಮನೆ ಎದ್ದು ಹೋಗಿ ಹತ್ತಿದ, ಸಣ್ಣಣ್ಣನಿಗೆ ಆ ಬಸ್ಸು ತಪ್ಪಿತು. ಮುಂದಿನ ಸಂತೆಗೂ ಹಾಗೆಯೇ. ಇಬ್ಬರೂ ಚಹಾ ಕುಡಿದರು, ಯಾರ್ಯಾರ ಜೊತೆಯೋ ಮಾತಾಡಿದರು, ಒಬ್ಬನ ಸುದ್ದಿ ಇನ್ನೊಬ್ಬನಿಗೆ ಮುಟ್ಟಲಿಲ್ಲ. ಪಂಚಮಿ ಹತ್ತಿರ ಬರುತ್ತಿತ್ತು. ಇದ್ದ ಒಂದು ಎಳೆಯೂ ಹರಿದರೆ ನನಗೆ ತವರು ಇಲ್ಲವೇ ಇಲ್ಲ ಎಂದು ಹೆದರಿಕೆಯಾಯಿತು.

ಮನೆಯವರಿಗೆ ನೇರವಾಗಿ ಹೇಳಿದೆ. "ಆ ಬಾಗಿಲ ಬೆಂಚು ಮೊದಲಿನಂಗ ಬಳಗಾನೂರಿನವ್ರಿಗೆ ಬಿಡ್ರಿ. ನಮ್ಮಣ್ಣಾರು ಅದರ ಮ್ಯಾಲ ಕುಂತು ಜಗಳ ಆಡ್ತಿದ್ರು."

"ಜಗಳ ನಿಂತದ್ದು ಛಲೋ ಆತಲ್ಲ," ಎಂದರು.

"ಛಲೋ ಆಗಿಲ್ಲ. ಅವ್ರು ಮಾತಾಡೂದು ಅದೊಂದೇ."

ಅವರು ಗಂಭೀರವಾಗಿ ಯೋಚಿಸಿದರು. "ಹಂಗಾರ ಜಗಳಕ್ಕ ಒಂದು ಬೆಂಚು ಹಾಕ್ಸೂಣೇನು? ಬೋರ್ಡು ಬರೆಸ್ತೀನಿ," ಎಂದರು. ತಮಾಷೆ ಮಾಡುತ್ತಿದ್ದಾರೆ ಎಂದು ನೋಡಿದರೆ, ಇಲ್ಲ, ಖರೇನೇ ಕೇಳುತ್ತಿದ್ದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮಿರ್ಚಿ ಎತ್ತುವ ಝಾರಿಯನ್ನು ಬಾಣಲೆಯಲ್ಲೇ ಬಿಟ್ಟು ಹೊರಗೆ ಬಂದೆ.

"ಮಳಿಗೆ ಬೆಂಚು ಹಾಕೀರಿ, ಪಾರ್ಟಿಯವ್ರಿಗೆ ಹಾಕೀರಿ, ಊರ ಮಂದಿ ಲಗ್ನಕ್ಕ ಹಾಕೀರಿ. ಇಷ್ಟು ವರ್ಷ ನಾ ಪಂಚಮಿಗೆ ತವರಿಗೆ ಹೋಗಿಲ್ಲ. ನನ್ ಮಾತಿಗೆ ಬೆಂಚು ಎಲ್ಲೈತ್ರಿ?"

ಹೋಟೆಲಿನಲ್ಲಿದ್ದವರೆಲ್ಲ ಚಹಾ ಕುಡಿಯುವುದನ್ನು ನಿಲ್ಲಿಸಿದರು. ನಮ್ಮವರು ನನ್ನ ಮುಖ ನೋಡಿದರು, ಬೋರ್ಡುಗಳನ್ನು ನೋಡಿದರು. ಮೇಷ್ಟ್ರು ನೆಲ ನೋಡುತ್ತಾ, "ಅದು ಇತರೆ ಅಲ್ಲ," ಎಂದರು.

ಮೂರನೆಯ ದಿನ ಪೇಂಟರ ಮತ್ತೆ ಬಂದ. ಅಡುಗೆಕೋಣೆಯ ಹಿಂಬಾಗಿಲ ಹತ್ತಿರ, ನಾನು ಕುಳಿತು ಈರುಳ್ಳಿ ಹೆಚ್ಚುವ ಗಿಡ್ಡ ಬೆಂಚು ಇತ್ತು. ಇಬ್ಬರು ಕುಳಿತರೆ ಮೊಣಕೈಗೆ ಮೊಣಕೈ ತಾಗುವಂಥದ್ದು. ಅದರ ಮೇಲಿನ ಗೋಡೆಗೆ ನಮ್ಮವರು ತಾವೇ ಮೊಳೆ ಹೊಡೆದು ಬೋರ್ಡು ತೂಗು ಹಾಕಿದರು. "ತವರುಮನೆ" ಎಂದಿತ್ತು. ಇದು ಏತಕ್ಕೆ ಎಂದು ನಾನು ಕೇಳಲಿಲ್ಲ. ನೋಡಿದ ಕೂಡಲೇ ಇದನ್ನು ಹೇಗೆ ಉಪಯೋಗಿಸಬೇಕು ಎಂದು ನನಗೆ ಹೊಳೆದಿತ್ತು. ನಮ್ಮವರ ಕಿವಿಯಲ್ಲಿ ಒಂದು ಮಾತು ಹೇಳಿಟ್ಟೆ. ಕಾನೂನು ಪಾಲಿಸುವ ಕೆಲಸ ಎಂದ ಕೂಡಲೇ ಅವರು ಸಂತೋಷದಿಂದ ಒಪ್ಪಿಕೊಂಡರು.

ಪಂಚಮಿಯ ಹಿಂದಿನ ಸಂತೆ. ದೊಡ್ಡಣ್ಣ ಒಂದು ಗೊನೆ ಬಾಳೆಹಣ್ಣು ಹಿಡಿದುಕೊಂಡು ಬಂದು, "ತಂಗೀನ ಕರಿರಿ, ಹಬ್ಬಕ್ಕ ಕರಿಯಾಕ ಬಂದೀನಿ," ಎಂದ.

"ಹಬ್ಬದ ಮಾತು ಇಲ್ಲಿ ಆಡಂಗಿಲ್ರಿ. ಅದಕ್ಕ ಬ್ಯಾರೆ ಬೆಂಚು ಐತಿ," ಎಂದು ನಮ್ಮವರು ಅವನನ್ನು ಹಿಂದಕ್ಕೆ ಕರೆದುಕೊಂಡು ಬಂದು ಗಿಡ್ಡ ಬೆಂಚಿನ ಮೇಲೆ ಕೂಡಿಸಿದರು. "ಎಣ್ಣಿ ಕಾಯಾಕತ್ತೈತಿ, ತಡಿಯಣ್ಣ," ಎಂದೆ ನಾನು. ಅವನಿಗೆ ಒಂದು ಪ್ಲೇಟು ಒಗ್ಗರಣೆ ಮಂಡಾಳು ಕೊಟ್ಟೆ. ಅವನು ತಿನ್ನುತ್ತಾ ಕಾದ. ಸ್ವಲ್ಪ ಹೊತ್ತಿಗೆ ಸಣ್ಣಣ್ಣ ಕುಬುಸದ ಖಣ ಹಿಡಿದುಕೊಂಡು ಬಂದ. ಅವನಿಗೂ ಅದೇ ಕಾನೂನು. ಹಿಂಬಾಗಿಲಿಗೆ ಬಂದು, ಬೆಂಚಿನ ಮೇಲೆ ಯಾರಿದ್ದಾರೆಂದು ನೋಡಿ, ತಿರುಗಿದ. ನಮ್ಮವರು ಬಾಗಿಲಿಗೆ ಅಡ್ಡ ನಿಂತಿದ್ದರು.

"ಈ ಮಾತಿಗೆ ಇದೊಂದೇ ಬೆಂಚ್ರಿ," ಎಂದರು. ಅವರ ಮುಖದಲ್ಲಿ ಲಿಂಗಸುಗೂರಿನ ಕಿಟಕಿಯ ಒಳಗೆ ಕುಳಿತವರ ಗತ್ತು ಇತ್ತು.

ಸಣ್ಣಣ್ಣ ಕುಳಿತ. ಮೊಣಕೈ ತಾಗಬಾರದೆಂದು ಇಬ್ಬರೂ ಕೈಕಟ್ಟಿಕೊಂಡರು. ಒಬ್ಬ ಈರುಳ್ಳಿ ಬುಟ್ಟಿ ನೋಡುತ್ತಿದ್ದ, ಒಬ್ಬ ಛಾವಣಿ ನೋಡುತ್ತಿದ್ದ. ಕಡೆಗೆ ದೊಡ್ಡಣ್ಣ ನನಗೆ, "ತಂಗಿ, ಇಲ್ಲಿ ಯಾರೋ ಒಬ್ರು ಬಂದಾರ, ನಾ ಆಮ್ಯಾಲ ಬರ್ತೀನಿ," ಎಂದ. ಸಣ್ಣಣ್ಣ ನನಗೆ, "ಯಾರೋ ಒಬ್ರಿಗೆ ಹೇಳು ತಂಗಿ, ನಾನೇ ಹೊಂಟೀನಿ," ಎಂದ.

"ನಾ ಯಾರಿಗೂ ಏನೂ ಹೇಳಂಗಿಲ್ಲ," ಎಂದೆ. "ನಾ ಹೇಳೂದು ನನ್ ಮಾತು ಒಂದೇ. ಒಬ್ರು ಬಂದ್ರ ನಾ ಬರಂಗಿಲ್ಲ. ಇಬ್ರೂ ಒಂದೇ ಬಸ್ಸಿಗೆ ಕರಿಯಾಕ ಬರ್ರಿ, ಬರ್ತೀನಿ. ಅರ್ಧ ಮನಿ ನನಗ ಬ್ಯಾಡ. ಈ ವರ್ಷನೂ ಇಬ್ರೂ ಬರ್ಲಿಲ್ಲಂದ್ರ ಇನ್ನ್ಯಾವ ವರ್ಷನೂ ಕರಿಬ್ಯಾಡ್ರಿ."

ಹೇಳುವಾಗ ಗಟ್ಟಿಯಾಗಿಯೇ ಹೇಳಿದೆ. ಕೊನೆಗೆ ಕಣ್ಣಲ್ಲಿ ನೀರು ಬಂತು. ಆ ಸಲ ಮೆಣಸಿನಕಾಯಿಯ ಮೇಲೆ ಹಾಕಲಿಲ್ಲ, ಅವರ ಮುಂದೆಯೇ ಅತ್ತೆ. ಇಬ್ಬರೂ ಎದ್ದು ಹೊರಟರು. ಬಾಳೆಹಣ್ಣೂ ಖಣವೂ ಬೆಂಚಿನ ಮೇಲೆ ಉಳಿದವು.

ಮಧ್ಯದ ದಿನಗಳಲ್ಲಿ ನಮ್ಮ ಹೋಟೆಲಿನ ಮಿರ್ಚಿ ಬಹಳ ಖಾರವಾಗಿತ್ತು ಎಂದು ಗಿರಾಕಿಗಳು ಹೇಳಿದರು. ಗಿರಾಕಿಗಳೂ ಹೆಚ್ಚಿರಲಿಲ್ಲ. ಬೆಂಚಿನಿಂದ ಬೆಂಚಿಗೆ ಓಡಾಡಿ ಬಸ್ಸು ತಪ್ಪಿಸಿಕೊಂಡವರೆಲ್ಲ ಪಕ್ಕದ ಹೋಟೆಲು ಹಿಡಿದಿದ್ದರು. ಅಲ್ಲಿ ಬೋರ್ಡು ಇರಲಿಲ್ಲ, ಬಸ್ಸು ಕಾಣುತ್ತಿತ್ತು. ಮೇಷ್ಟ್ರು ಮಾತ್ರ ನಿಷ್ಠೆ ಬಿಡದೆ ಶುಭಕಾರ್ಯದ ಕೆಳಗೆ ಕುಳಿತಿರುತ್ತಿದ್ದರು.

ಪಂಚಮಿಯ ಹಿಂದಿನ ದಿನ ನಮ್ಮಲ್ಲಿ ರೊಟ್ಟಿ ಹಬ್ಬ. ಕರೆಯಲು ಬರುವವರು ಅಂದಿನೊಳಗೆ ಬರಬೇಕು. ನಾನು ಬೆಳಿಗ್ಗೆಯೇ ಚೀಲಕ್ಕೆ ಎರಡು ಸೀರೆ, ಶೇಂಗಾ ಉಂಡಿ, ಎಳ್ಳುಂಡಿ ತುಂಬಿಟ್ಟೆ. ಆಮೇಲೆ, ಯಾರಾದರೂ ನೋಡಿದರೆ ನಾಚಿಕೆ ಎಂದು ಚೀಲವನ್ನು ಮಂಡಾಳಿನ ಮೂಟೆಯ ಹಿಂದೆ ಮುಚ್ಚಿಟ್ಟೆ. ಬಳಗಾನೂರಿನಿಂದ ಮೊದಲ ಬಸ್ಸು ಬಂತು. ಯಾರ್ಯಾರೋ ಇಳಿದರು. ನಮ್ಮವರು ಮೂರು ಸಲ ಹೊರಗೆ ಹೋಗಿ ರಸ್ತೆ ನೋಡಿ ಬಂದು, ಏನೂ ಕಾಣದವರಂತೆ ಗ್ಲಾಸು ತೊಳೆದರು. ಮಧ್ಯಾಹ್ನದ ಬಸ್ಸು ಬಂದಾಗ ನಾನೇ ಬಾಗಿಲಿಗೆ ಬಂದು ನಿಂತೆ. ಮುಂದಿನ ಬಾಗಿಲಿನಿಂದ ದೊಡ್ಡಣ್ಣ ಇಳಿದ. ಒಬ್ಬನೇ ಎಂದುಕೊಂಡೆ. ಜನ ಕರಗಿದ ಮೇಲೆ ಹಿಂದಿನ ಬಾಗಿಲಿನಿಂದ ಸಣ್ಣಣ್ಣ ಇಳಿದ. ಒಂದೇ ಬಸ್ಸಿಗೆ ಬರ್ರಿ ಎಂದಿದ್ದೆ, ಒಂದೇ ಬಾಗಿಲು ಎಂದಿರಲಿಲ್ಲ.

ಇಬ್ಬರೂ ಒಳಗೆ ಬಂದರು. ಎಲ್ಲಿ ಕುಳಿತುಕೊಳ್ಳಬೇಕೆಂದು ತಿಳಿಯದೆ ಬೋರ್ಡುಗಳ ಕಡೆ ನೋಡುತ್ತಾ ನಿಂತರು. ಆಗ ನಮ್ಮ ಮನೆಯವರು ಸ್ಟೂಲು ತಂದು, ಹತ್ತಿ, ಬಾಗಿಲ ಬೆಂಚಿನ ಮೇಲಿದ್ದ "ಕೋರ್ಟು ಕಚೇರಿ"ಯನ್ನು ಬಿಚ್ಚಿ ಕೆಳಗಿಟ್ಟರು. ಹೆಗಲ ಬಟ್ಟೆಯಿಂದ ಬೆಂಚು ಒರೆಸಿದರು.

"ಬಳಗಾನೂರಿನವ್ರು ಇಲ್ಲಿ ಕುಂದರ್ರಿ. ಬಸ್ಸು ಕಾಣ್ತೈತಿ," ಎಂದರು.

ಅವರಿಗೆ ಅದು ಎಷ್ಟು ಕಷ್ಟದ ಕೆಲಸ ಎಂದು ನನಗೊಬ್ಬಳಿಗೆ ಗೊತ್ತು. ಚೀಲ ತೆಗೆದುಕೊಂಡು ಹೊರಗೆ ಬಂದವಳು, "ಉಳಿದ ಬೋರ್ಡು ನಾ ಬರೂತನಾ ತೆಗಿಬ್ಯಾಡ್ರಿ, ನಾ ನೋಡ್ಬೇಕು ತೆಗೆಯೂದು," ಎಂದೆ. ಅವರು ಕೇಳಿಸಿಕೊಳ್ಳದವರಂತೆ ಒಲೆ ಊದಿದರು. ನಾನು ಬರುವುದರೊಳಗೆ ಎಲ್ಲಾ ತೆಗೆದಿದ್ದರು. ನೀಲಿ ತಗಡುಗಳು ಮುಂದೆ ಬಹಳ ವರ್ಷ ಹಿಟ್ಟಿನ ಡಬ್ಬಿಗಳಿಗೆ ಮುಚ್ಚಳವಾಗಿ ಕೆಲಸಕ್ಕೆ ಬಂದವು. ಗಿಡ್ಡ ಬೆಂಚಿನ ಮೇಲಿನದನ್ನು ಮಾತ್ರ ನಾನು ತೆಗೆಯಗೊಡಲಿಲ್ಲ.

ಬಸ್ಸಿನಲ್ಲಿ ಮೂವರು ಕುಳಿತುಕೊಳ್ಳುವ ಸೀಟು ಸಿಕ್ಕಿತು. ಕಿಟಕಿಗೆ ದೊಡ್ಡಣ್ಣ, ಈ ಕಡೆ ಸಣ್ಣಣ್ಣ, ನಡುವೆ ನಾನು. ಮಸ್ಕಿ ದಾಟುವುದರೊಳಗೆ ಶುರುವಾಯಿತು.

"ತಂಗಿ, ಅವಂಗ ಕೇಳು, ಟಿಕೇಟು ತಗಸ್ಯಾನೇನು," ಎಂದು ಈ ಕಿವಿಗೆ.

"ತಂಗಿ, ಅವಂಗ ಹೇಳು, ಮೂರೂ ತಗಸೀನಿ ಅಂತ," ಎಂದು ಆ ಕಿವಿಗೆ.

ಹೋಟೆಲಿನಲ್ಲಿ ಗೋಡೆಯ ಕಿಂಡಿಯಲ್ಲಿ ಕೇಳುತ್ತಿದ್ದದ್ದೇ ವಾಸಿಯಾಗಿತ್ತು. ಇಲ್ಲಿ ನಾನೇ ಕಿಂಡಿಯಾಗಿದ್ದೆ. ದಾರಿಯುದ್ದಕ್ಕೂ ಇವರ ಮಾತು ದಾಟಿಸಿ ಸಾಕಾಗಿ, ಕಾಲುವೆಯ ಸೇತುವೆ ಕಾಣುವ ಹೊತ್ತಿಗೆ ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿಕೊಂಡೆ. "ತಂಗಿ, ಅವಂಗ..." ಎಂದ ದೊಡ್ಡಣ್ಣ. ನಾನು ಉಸಿರು ದೊಡ್ಡದು ಮಾಡಿದೆ. ಸಣ್ಣಣ್ಣ ಮೊಣಕೈಯಿಂದ ತಿವಿದ. ನಾನು ಅಲುಗಲಿಲ್ಲ.

"ಲೇ, ಅಕಿ ಮಲಗ್ಯಾಳೇನು?" ನನ್ನ ತಲೆಯ ಮೇಲಿಂದ ದೊಡ್ಡಣ್ಣನ ದನಿ.

ಸಣ್ಣಣ್ಣ ನನ್ನ ಮುಖದ ಹತ್ತಿರ ಬಗ್ಗಿ ನೋಡಿದ್ದು ಉಸಿರಿನಿಂದಲೇ ಗೊತ್ತಾಯಿತು. ಆಮೇಲೆ, "ಹೂಂ ಅಣ್ಣ, ಮಲಗ್ಯಾಳ," ಎಂದ.

"ದಣಿದಾಳ. ಎಬ್ಬಿಸಬ್ಯಾಡ."

"ಹೂಂ."

ನನ್ನ ರೆಪ್ಪೆಯ ಕೆಳಗೆ ನೀರು ಸೇರುತ್ತಿತ್ತು, ಒರೆಸಿಕೊಳ್ಳುವ ಹಾಗಿರಲಿಲ್ಲ.

"ನಾಳಿಗೆ ಜೋಕಾಲಿ ಕಟ್ಟಬೇಕಲ್ಲ. ಅಪ್ಪನ ಹಗ್ಗ ನಿನ್ ಕಡೆ ಐತೇನು?" ಎಂದ ದೊಡ್ಡಣ್ಣ.

"ನನ್ ಕಡೆ ಎಲ್ಲೈತಿ, ನಿನ್ ಅಟ್ಟದ ಮ್ಯಾಲ ಐತಿ. ಟೊಂಗಿ ನನ್ ಕಡೆ ಐತಿ."

"ಹಂಗಾರ ಮುಂಜಾನಿ ಹಗ್ಗ ತಗೊ. ನಾ ಗ್ವಾಡಿ ಹತ್ತಿ ಒಗೀತೀನಿ."

"ಗ್ವಾಡಿ ಯಾಕ ಹತ್ತತಿ ಈ ವಯಸ್ಸಿನ್ಯಾಗ, ಬಾಗಿಲದಾಗ ಬಾ."

ಬಸ್ಸು ನಿಂತಿತು. ಬಳಗಾನೂರು, ಬಳಗಾನೂರು ಎಂದು ಕಂಡಕ್ಟರು ಕೂಗಿದ. ಜನ ಬುಟ್ಟಿ, ಚೀಲ ಎತ್ತಿಕೊಂಡು ಇಳಿಯತೊಡಗಿದರು. ನನ್ನನ್ನು ಯಾರು ಎಬ್ಬಿಸಬೇಕು ಎಂಬುದನ್ನೂ ಅವರಿಬ್ಬರೇ ಮಾತಾಡಿಕೊಳ್ಳಲಿ ಎಂದು ನಾನು ಕಣ್ಣು ತೆರೆಯಲಿಲ್ಲ.